ಗಂಜಿಯ ಡಬ್ಬಿಯೂ ಲಂಡನ್ ಪಟ್ಟಣವೂ

ಪರಸ್ಥಳಕ್ಕೆ ಹೋಗುವವರಲ್ಲಿ ಎರಡು ಬಗೆ. ಊರು ನೋಡಲೆಂದು ಹೋಗುವವರು ಒಂದು ಬಗೆ. ಆ ಊರಿನಲ್ಲಿ ಏನಾದರೊಂದು ಕೆಲಸ ಬಿದ್ದು ತಿರುಗಬೇಕಾಗಿ ಬಂದವರು ಇನ್ನೊಂದು ಬಗೆ. ಮೊದಲನೆಯ ಬಗೆಯವರು ಬರೆದ ಪುಸ್ತಕಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ನಮ್ಮ ಸೀಮೆಯ ಕೋಟದವರೇ ಆದ ಶಿವರಾಮ ಕಾರಂತರು ಯುರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ಬರೆದರು. ಅದನ್ನು ಓದಿದ ಮೇಲೂ ವಂಡ್ಸೆಯಂಥ ಹಳ್ಳಿಯವನಾದ ನಾನು ಆ ಖಂಡದ ಕಲೆ, ಶಿಲ್ಪ, ನಾಟಕಗಳ ವಿಚಾರ ಹೇಳಹೊರಟರೆ ಕೇಳುವವರು ನಗದೆ ಇರುವುದಿಲ್ಲ. ನಾನು ಹೇಳತಕ್ಕದ್ದು ಬೇರೆ. ಒಂದು ಡಬ್ಬಿ ಗಂಜಿಯನ್ನು ಲಂಡನ್ನಿನ ಒಂದು ಮೂಲೆಯಿಂದ ಅದರ ನಡುಮಧ್ಯಕ್ಕೆ ಇಪ್ಪತ್ತಾರು ದಿನ ಸಾಗಿಸಿದ ಸಂಗತಿ.

ಮಗಳೂ ಅಳಿಯನೂ ಅಲ್ಲಿನ ಹ್ಯಾರೋ ಎಂಬ ಕಡೆ ಮನೆ ಮಾಡಿಕೊಂಡಿದ್ದಾರೆ. 2024ರ ಜೂನ್ ತಿಂಗಳಲ್ಲಿ ಅವಳಿಗೆ ಹೆರಿಗೆಯೆಂದು ವೈದ್ಯರು ದಿನ ಹೇಳಿದ್ದರು. ಬಾಣಂತನಕ್ಕೆ ಮೊದಲೇ ಮನೆಯನ್ನು ಒಗ್ಗಿಸಿಕೊಳ್ಳಬೇಕೆಂಬ ನನ್ನಾಕೆಯ ಹಟಕ್ಕಾಗಿ ನಾವಿಬ್ಬರೂ ಏಪ್ರಿಲ್ ಕೊನೆಗೇ ಬಂದಿಳಿದೆವು. ಬಂದ ಹನ್ನೊಂದನೆಯ ದಿನ, ಏಳು ವಾರ ಮುಂಚಿತವಾಗಿ, ಕೂಸು ಹುಟ್ಟಿತು. ಒಂದು ಕಿಲೋ ಆರುನೂರು ಗ್ರಾಂ. ನಮ್ಮ ಮನೆಯ ಹಿತ್ತಲಿನ ಮಾಮೂಲಿ ಸೌತೆಕಾಯಿ ಅದಕ್ಕಿಂತ ಹೆಚ್ಚು ತೂಗುತ್ತದೆ.

ಮೊದಲಿನಿಂದಲೂ ಮಗಳ ತಪಾಸಣೆ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನಡೆದಿತ್ತು. ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಸರಿ ಎದುರಿಗೆ ಇರುವ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ಶಾಲೆಯನ್ನು ತೆರೆದದ್ದು ಇದೇ ಆಸ್ಪತ್ರೆಯ ಆಶ್ರಯದಲ್ಲಿ. ಈಗಿನ ಜಾಗಕ್ಕೆ ಅದು ಬಂದದ್ದು 1871ರಲ್ಲಿ. ನಾಲ್ಕು ದಿನ ಕಳೆದ ಮೇಲೆ ಮಗಳನ್ನು ಮನೆಗೆ ಕಳುಹಿಸಿದರು, ಕೂಸನ್ನು ಕಳುಹಿಸಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಅದು ಇನ್ನೂ ಬೆಳೆಯಬೇಕಿತ್ತು. ಹಸಿ ಬಾಣಂತಿ ದಿನವೂ ಬೆಳಿಗ್ಗೆ ಎದ್ದು ಗಂಡನೊಡನೆ ರೈಲು ಹತ್ತಿ ಹೋಗಿ, ಸಂಜೆಯವರೆಗೆ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಬರತೊಡಗಿದಳು. ಅಳಿಯ ಅವಳನ್ನು ಬಿಟ್ಟು ತನ್ನ ಆಫೀಸಿಗೆ ಹೋಗುತ್ತಿದ್ದ. ಅಲ್ಲಿ ತಂದೆಯಾದವನಿಗೆ ಸಿಗುವ ರಜೆ ಎರಡೇ ವಾರ. ಅದನ್ನು ಕೂಸು ಮನೆಗೆ ಬಂದ ಮೇಲೆ ಬೇಕಾಗುತ್ತದೆಂದು ಕಾದಿಟ್ಟುಕೊಂಡಿದ್ದ.

ನನ್ನಾಕೆಯ ಸಂಕಟ ಇದರಲ್ಲಿ ಯಾವುದಕ್ಕೆ ಹೆಚ್ಚು ಎಂದು ಹೇಳುವುದು ಕಷ್ಟ. ಕೂಸಿನ ಮಾತು ಎತ್ತುವಷ್ಟು ಧೈರ್ಯ ನಮಗಿಬ್ಬರಿಗೂ ಇರಲಿಲ್ಲ; ಆದಕಾರಣ ಅವಳ ದುಃಖವೆಲ್ಲ ಮಧ್ಯಾಹ್ನದ ಊಟದ ಕಡೆ ಹರಿಯಿತು. “ನಾಕ್ ದಿನದ ಬಾಣಂತಿ ಮಧ್ಯಾಹ್ನಕ್ ತಣ್ಣನ್ ಬ್ರೆಡ್ ತಿಂಬುದಾ?” ಎಂದು ಗೋಡೆಗೆ ಕೇಳಿದಳು. ಬೆಳಿಗ್ಗೆಯೇ ಗಂಜಿ ಕಟ್ಟಿ ಕಳುಹಿಸಬಹುದಲ್ಲ ಎಂದು ಓದುಗರು ಕೇಳಬಹುದು. ಅಳಿಯನೂ ಕೇಳಿದ. ಐದು ಗಂಟೆ ಹಿಂದೆ ಬೇಯಿಸಿದ್ದು ಬಾಣಂತಿಗೆ ತಂಗಳು ಎಂಬುದು ಅವಳ ಶಾಸ್ತ್ರ. ಅದರ ಮೇಲೆ ವಾದವಿಲ್ಲ. ಊರಿನಿಂದ ತಂದ ಕುಚ್ಚಲಕ್ಕಿಯ ಗಂಜಿ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ—ಇವು ಹನ್ನೊಂದಕ್ಕೆ ಒಲೆಯಿಂದ ಇಳಿದು ಹನ್ನೆರಡಕ್ಕೆ ಮಗಳ ಕೈ ಸೇರಬೇಕು. ಮನೆಯಲ್ಲಿ ಕೆಲಸವಿಲ್ಲದೆ ಇದ್ದವನು ನಾನೊಬ್ಬನೇ.

ನಮ್ಮೂರಿನಲ್ಲಾಗಿದ್ದರೆ ಇದು ಒಂದು ಸಮಸ್ಯೆಯೇ ಅಲ್ಲ. ಕೊಲ್ಲೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸನ್ನು ವಂಡ್ಸೆ ಪೇಟೆಯಲ್ಲಿ ನಿಲ್ಲಿಸಿ, ಡಬ್ಬಿಯನ್ನು ಕಂಡಕ್ಟರರ ಕೈಗೆ ಕೊಟ್ಟು, “ಆಸ್ಪತ್ರಿ ಹತ್ರ ನಮ್ಮ ಭಾವ ನಿಂತಿರ್ತ್ರು” ಎಂದರೆ ಮುಗಿಯಿತು. ಭಾವ ನಿಂತಿರದಿದ್ದರೂ ಡಬ್ಬಿ ಹೋಗಿ ಮುಟ್ಟುತ್ತದೆ. ಲಂಡನ್ನಿನಲ್ಲಿ ಯಜಮಾನನಿಲ್ಲದ ಡಬ್ಬಿಯನ್ನು ಕಂಡರೆ ಪೊಲೀಸರಿಗೆ ತಿಳಿಸಿರೆಂದು ಐದು ನಿಮಿಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ಸಾರುತ್ತಾರೆ. ಡಬ್ಬಿ ಹೋಗಬೇಕಾದರೆ ಅದರೊಡನೆ ಒಬ್ಬ ಮನುಷ್ಯನೂ ಹೋಗಬೇಕು.

“ಅಪ್ಪಯ್ಯ, ನೀವ್ ಒಬ್ರೇ ಬಪ್ಪುದ್ ಬ್ಯಾಡ” ಎಂದು ಮಗಳು ಎರಡು ದಿನ ತಡೆದಳು. ಎಪ್ಪತ್ತೆರಡು ವರ್ಷದ ತಂದೆಯನ್ನು ನೆಲದಡಿಯ ರೈಲಿನಲ್ಲಿ ಕಳೆದುಕೊಳ್ಳುವ ಚಿಂತೆ ಬೇರೆ ಅವಳಿಗೇಕೆಂದು ನಾನೂ ಯೋಚಿಸಿದೆ. ಆದರೆ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಲ ಕಲಿಸಿ, ಕಪ್ಪು ಹಲಗೆಯ ಮೇಲೆ ಥೇಮ್ಸ್ ನದಿಯನ್ನು ಸೀಮೆಸುಣ್ಣದಿಂದ ನೂರಾರು ಸಾರಿ ಬರೆದವನು ಆ ನದಿಯವರೆಗೆ ಹೋಗಲಾರೆನೆಂದರೆ ನನ್ನ ಶಿಷ್ಯರು ಏನಂದಾರು?

ಅಳಿಯ ಫೋನಿನಲ್ಲಿ ದಾರಿ ತೋರಿಸುವ ಯಂತ್ರವನ್ನು ಹಾಕಿಕೊಟ್ಟ. ಒಂದು ಕೈಯಲ್ಲಿ ಬಿಸಿ ಗಂಜಿಯನ್ನು ಹಿಡಿದವನಿಗೆ ಇನ್ನೊಂದು ಕೈ ಕಂಬ ಹಿಡಿಯಲು ಬೇಕು. ನಾನು ಹಳೆಯ ಪದ್ಧತಿಯನ್ನೇ ಹಿಡಿದೆ: ನಿಲ್ದಾಣಗಳ ಹೆಸರನ್ನು ಬಾಯಿಪಾಠ ಮಾಡಿದೆ. ಹೆಮ್ಮಾಡಿ, ಕಟ್‌ಬೇಲ್ತೂರು, ನೆಂಪು, ವಂಡ್ಸೆ, ಚಿತ್ತೂರು, ಇಡೂರು, ಜಡ್ಕಲ್, ಹಾಲ್ಕಲ್, ಕೊಲ್ಲೂರು ಎಂದು ಹುಡುಗನಾಗಿದ್ದಾಗ ಕಲಿತದ್ದು ಹೇಗೆ ಮರೆಯುವುದಿಲ್ಲವೋ ಹಾಗೆಯೇ ಇದೂ ನಿಂತಿತು. ಹ್ಯಾರೋ-ಆನ್-ದ-ಹಿಲ್‌ನಲ್ಲಿ ನೇರಳೆ ಬಣ್ಣದ ಮೆಟ್ರೊಪಾಲಿಟನ್ ಮಾರ್ಗ ಹತ್ತುವುದು. ನಾರ್ತ್‌ವಿಕ್ ಪಾರ್ಕ್, ಪ್ರೆಸ್ಟನ್ ರೋಡ್, ವೆಂಬ್ಲಿ ಪಾರ್ಕ್, ಫಿಂಚ್ಲಿ ರೋಡ್. ಅಲ್ಲಿ ಇಳಿದು, ಮೆಟ್ಟಿಲು ಹತ್ತದೆ ಇಳಿಯದೆ, ಅದೇ ಕಟ್ಟೆಯ ಆಚೆ ಬದಿಗೆ ಬರುವ ಬೂದಿಬಣ್ಣದ ಜ್ಯೂಬಿಲಿ ಮಾರ್ಗದ ಗಾಡಿಗೆ ದಾಟುವುದು. ಸ್ವಿಸ್ ಕಾಟೇಜ್, ಸೇಂಟ್ ಜಾನ್ಸ್ ವುಡ್, ಬೇಕರ್ ಸ್ಟ್ರೀಟ್, ಬಾಂಡ್ ಸ್ಟ್ರೀಟ್, ಗ್ರೀನ್ ಪಾರ್ಕ್, ಆರನೆಯದೇ ವೆಸ್ಟ್‌ಮಿನ್‌ಸ್ಟರ್.

ಈ ಮೆಟ್ರೊಪಾಲಿಟನ್ ಮಾರ್ಗ ಸಾಮಾನ್ಯದ್ದಲ್ಲ. ಲೋಕದಲ್ಲಿ ನೆಲದಡಿ ಓಡಿದ ಮೊತ್ತಮೊದಲ ಪ್ರಯಾಣಿಕರ ರೈಲು ಇದರದು. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ, ಉಗಿಯಂತ್ರ ಕಟ್ಟಿಕೊಂಡು, ಸುರಂಗದಲ್ಲಿ ಹೊಗೆ ಕಾರುತ್ತ ಹೊರಟಿತು. ನಮ್ಮ ಕುಂದಾಪುರದವರಿಗೆ ನೆಲದ ಮೇಲಿನ ರೈಲೇ ಕೊಂಕಣ ರೈಲ್ವೆಯ ದೆಸೆಯಿಂದ 1990ರ ದಶಕದಲ್ಲಿ ಬಂತು. ಬೆಂಗಳೂರಿನವರು 2011ರಿಂದ ತಮ್ಮ ಮೆಟ್ರೋವನ್ನು ಕಂಡು ಹೆಮ್ಮೆಪಡುತ್ತಾರೆ, ಪಡಲಿ. ಲಂಡನ್ನಿನ ನೆಲದಡಿಯ ರೈಲು ಎಂಬುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೆಲದ ಮೇಲೆಯೇ ಇದೆ ಎಂಬುದು ಅಲ್ಲಿ ಹೋದ ಮೇಲಷ್ಟೇ ನನಗೆ ತಿಳಿದದ್ದು. ಹ್ಯಾರೋದಿಂದ ಫಿಂಚ್ಲಿ ರೋಡಿನವರೆಗೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ಮೇ ತಿಂಗಳ ಹೂವು ಎಲ್ಲವೂ ಕಾಣುತ್ತದೆ. ಆಮೇಲೆ ಕತ್ತಲು.

ಆ ರೈಲುಗಳ ನಕ್ಷೆಯೊಂದಿದೆ. ಜಗತ್ಪ್ರಸಿದ್ಧವಾದದ್ದು. ಹ್ಯಾರಿ ಬೆಕ್ ಎಂಬ ನಕಾಶೆಗಾರ 1931ರಲ್ಲಿ ಬರೆದು, 1933ರಲ್ಲಿ ಅಚ್ಚಾಯಿತು. ಭೂಗೋಲದ ಮಾಸ್ತರನಾದ ನನಗೆ ಅದನ್ನು ಕಂಡ ಕೂಡಲೆ ಮೈ ಉರಿಯಿತೆಂದೇ ಹೇಳಬೇಕು. ಅದಕ್ಕೆ ಪ್ರಮಾಣವಿಲ್ಲ. ಗೆರೆಗಳೆಲ್ಲ ನೆಟ್ಟಗೆ, ಇಲ್ಲವೆ ನಲವತ್ತೈದು ಅಂಶಕ್ಕೆ ಓರೆಯಾಗಿ. ನಡುವಿನ ನಿಲ್ದಾಣಗಳ ಅಂತರ ಹಿಗ್ಗಿಸಿದೆ, ಹೊರವಲಯದ್ದು ಕುಗ್ಗಿಸಿದೆ. ಲೆಸ್ಟರ್ ಸ್ಕ್ವೇರಿಗೂ ಕಾವೆಂಟ್ ಗಾರ್ಡನ್ನಿಗೂ ನಡುವೆ ಇನ್ನೂರ ಅರುವತ್ತು ಮೀಟರು. ಅದಕ್ಕೂ ರೈಲು ಹತ್ತಿ ಹೋಗುವವರಿದ್ದಾರೆ, ನಕ್ಷೆಯಲ್ಲಿ ಅದು ಉಳಿದವುಗಳಷ್ಟೇ ದೂರ ಕಾಣುವುದರಿಂದ. ನನ್ನ ತರಗತಿಯಲ್ಲಿ ಯಾವನಾದರೂ ಹುಡುಗ ಇಂಥ ನಕ್ಷೆ ಬರೆದು ತಂದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಒಂದು ವಾರ ಅದನ್ನು ಬಳಸಿದ ಮೇಲೆ ನನಗೆ ಹೊಳೆಯಿತು: ಇದು ಭೂಗೋಲವಲ್ಲ, ಯಕ್ಷಗಾನ. ನಾನು ಮಾರಣಕಟ್ಟೆ ಮೇಳದ ಆಟ ನೋಡಿ ಬೆಳೆದವನು. ವೇಷಧಾರಿ ಪ್ರಯಾಣ ಕುಣಿತದಲ್ಲಿ ರಂಗಸ್ಥಳವನ್ನು ಎರಡು ಸುತ್ತು ಬಂದನೆಂದರೆ ಇಂದ್ರಪ್ರಸ್ಥದಿಂದ ದ್ವಾರಕೆ ಮುಟ್ಟಿದನೆಂದೇ ಲೆಕ್ಕ. ನಡುವೆ ಎಷ್ಟು ಯೋಜನವಾಯಿತು, ಯಾವ ನದಿ ಅಡ್ಡ ಬಂತು ಎಂದು ನೋಡುವವರಲ್ಲಿ ಯಾರೂ ಕೇಳುವುದಿಲ್ಲ. ನೆಲದಡಿಯಲ್ಲಿ ಕುಳಿತವನಿಗೂ ಬೇಕಾದದ್ದು ಅಷ್ಟೇ: ಎಲ್ಲಿ ಹತ್ತಿದೆ, ಎಲ್ಲಿ ಇಳಿಯಬೇಕು, ನಡುವೆ ಎಷ್ಟನೆಯದು. ಬೆಕ್ ಮಹಾಶಯನಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಅವನು ಉಳಿಸಿಕೊಂಡ ಭೂಗೋಲವೆಂದರೆ ಥೇಮ್ಸ್ ನದಿಯೊಂದೇ. ಅದೂ ಮೂಲೆ ಮೂಲೆಯಾಗಿ ಮಡಿಚಿದ ತಂತಿಯ ಹಾಗೆ.

ಹಳದಿ ಬಿಲ್ಲೆಗೆ ಕಾರ್ಡು ತಾಗಿಸಿ ಒಳಗೆ ಹೋಗುವುದು, ಹೊರಗೆ ಬರುವಾಗಲೂ ಮರೆಯದೆ ತಾಗಿಸುವುದು, ಓಡುವ ಮೆಟ್ಟಿಲಿನ ಮೇಲೆ ಬಲಕ್ಕೆ ನಿಂತು ಎಡವನ್ನು ಅವಸರದವರಿಗೆ ಬಿಡುವುದು—ಇವನ್ನೆಲ್ಲ ಮೊದಲ ದಿನವೇ ಯಾರಾದರೂ ಕಲಿಯುತ್ತಾರೆ. ನನಗೆ ವಿಚಿತ್ರವೆನಿಸಿದ್ದು ಮೌನ. ನೂರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. “ಹ್ವಾಯ್, ಎಲ್ಲಿಗ್ ಹ್ವಾಪ್ದ್?” ಎಂದು ಕೇಳದೆ ನಮ್ಮ ಬಸ್ಸಿನಲ್ಲಿ ಯಾರಾದರೂ ಐದು ಮೈಲು ಹೋಗಿಯಾರೆ? ಮೊದಮೊದಲು ಇದು ಕಲ್ಲೆದೆಯೆಂದು ತೋರಿತು. ಆದರೆ ಆ ದಿನಗಳಲ್ಲಿ ಯಾರಾದರೂ ನನ್ನನ್ನು ಎಲ್ಲಿಗೆ, ಯಾತಕ್ಕೆ, ಡಬ್ಬಿಯಲ್ಲೇನು, ಕೂಸು ಹೇಗಿದೆ ಎಂದು ಕೇಳಿದ್ದರೆ ನಾನು ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆರನೆಯ ದಿನ ಕೂಸಿಗೆ ಸೋಂಕು ತಗುಲಿದ ಗುಮಾನಿಯಿದೆಯೆಂದು ಮಗಳು ಫೋನು ಮಾಡಿದ್ದಳು; ಆ ದಿನ ಫಿಂಚ್ಲಿ ರೋಡಿನಿಂದ ವೆಸ್ಟ್‌ಮಿನ್‌ಸ್ಟರಿನವರೆಗೆ ಆ ಮೌನ ನನಗೆ ದೊಡ್ಡ ಉಪಕಾರ ಮಾಡಿತು. ಕೈತುಂಬ ಹಚ್ಚೆ ಹಾಕಿಸಿಕೊಂಡ, ಮೂಗಿಗೆ ರಿಂಗು ಚುಚ್ಚಿಕೊಂಡ ತರುಣನೊಬ್ಬ ಏನೂ ಹೇಳದೆ ಎದ್ದು ನಿಂತು ಜಾಗ ಕೊಟ್ಟ. ನಾನೂ ಏನೂ ಹೇಳದೆ ಕುಳಿತೆ.

ಗಾಡಿಯಲ್ಲಿ ಕೆಲವು ಹೆಂಗಸರು ಕೋಟಿನ ಮೇಲೆ ಬಿಳಿಯ ಗುಂಡು ಬಿಲ್ಲೆ ಧರಿಸಿರುತ್ತಾರೆ; ‘ಕೂಸು ಜೊತೆಗಿದೆ’ ಎಂಬ ಅರ್ಥದ ಇಂಗ್ಲಿಷು ಬರಹ ಅದರ ಮೇಲೆ. ಬಸುರಿಯರಿಗೆ ಜಾಗ ಸಿಗಲೆಂದು ರೈಲಿನವರೇ ಅದನ್ನು ಪುಕ್ಕಟೆ ಕೊಡುತ್ತಾರೆ. ಬಹಳ ಒಳ್ಳೆಯ ಏರ್ಪಾಡು. ನಮ್ಮ ಮಗಳ ಬಿಲ್ಲೆ ಬಾಗಿಲ ಬಳಿಯ ಕೋಟಿನಲ್ಲಿ ಇನ್ನೂ ಇತ್ತು. ಅದನ್ನು ತೆಗೆಯಲು ಯಾರಿಗೂ ಕೈ ಬರಲಿಲ್ಲ. ಡಬ್ಬಿ ಹಿಡಿದು ಹೊರಡುವಾಗ ನಾನು ಆ ಕಡೆ ನೋಡದೆ ಚಪ್ಪಲಿ ಮೆಟ್ಟುತ್ತಿದ್ದೆ.

ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದ ಆಳದಿಂದ ಮೆಟ್ಟಿಲು ಮೇಲೆ ಮೆಟ್ಟಿಲು ಏರಿ ಬಂದರೆ ತಲೆಯ ಮೇಲೆಯೇ ಗಡಿಯಾರದ ಗೋಪುರ. ಅಲ್ಲಿಂದ ಸೇತುವೆ. 1862ರಲ್ಲಿ ತೆರೆದ ಆ ಸೇತುವೆಗೆ ಹಸುರು ಬಣ್ಣ ಬಳಿದಿದ್ದಾರೆ, ಕಾಮನ್ಸ್ ಸಭೆಯ ಆಸನಗಳ ಬಣ್ಣಕ್ಕೆ ಹೊಂದುವಂತೆ. ಪ್ರವಾಸಿಗಳು ಸಾವಿರ ಸಂಖ್ಯೆಯಲ್ಲಿ ಗೋಪುರಕ್ಕೆ ಮುಖ ಮಾಡಿ ಚಿತ್ರ ತೆಗೆದುಕೊಳ್ಳುತ್ತಿರುವಾಗ, ಅವರ ನಡುವೆ ಗಂಜಿಯ ಡಬ್ಬಿ ಎದೆಗವಚಿಕೊಂಡು ಗೋಪುರಕ್ಕೆ ಬೆನ್ನು ಮಾಡಿ ಓಡುತ್ತಿದ್ದವನು ನಾನೊಬ್ಬನೇ ಇರಬೇಕು. ಎಷ್ಟು ಚಿತ್ರಗಳ ಮೂಲೆಯಲ್ಲಿ ಈ ಮುದುಕ ಸೇರಿಕೊಂಡು ಯಾವ ಯಾವ ದೇಶಕ್ಕೆ ಹೋಗಿದ್ದಾನೋ!

ಸೇತುವೆಯ ಮೇಲೆ ನಾನು ನಿಲ್ಲುತ್ತಿದ್ದದ್ದು ಒಂದೇ ಕಾರಣಕ್ಕೆ: ನೀರು ನೋಡಲು. ಮೊದಲ ದಿನ ದಡದ ಗೋಡೆಗೆ ತಾಗಿ ತುಂಬಿ ಹರಿಯುತ್ತಿದ್ದ ನದಿ ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಕೆಳಗಿಳಿದು, ಕೆಸರು, ಕಲ್ಲು, ಹಳೆಯ ಕಬ್ಬಿಣಗಳನ್ನು ತೋರಿಸುತ್ತಿತ್ತು. ಬೆಂಗಳೂರಿನವನಾಗಿದ್ದರೆ ಮೇಲೆ ಎಲ್ಲೋ ಅಣೆಕಟ್ಟು ಮುಚ್ಚಿದರೆಂದುಕೊಳ್ಳುತ್ತಿದ್ದ. ನನಗೆ ಮೂಗಿಗೇ ತಿಳಿಯಿತು—ಇದು ಇಳಿತದ ವಾಸನೆ. ಗಂಗೊಳ್ಳಿ ಅಳಿವೆಯಲ್ಲಿ ನೀರಿಳಿದಾಗ ಬರುವ ಅದೇ ವಾಸನೆ. ಸಮುದ್ರದಿಂದ ಅಷ್ಟು ದೂರದ ಲಂಡನ್ನಿನ ನಡುವಿನಲ್ಲೂ ಥೇಮ್ಸ್ ದಿನಕ್ಕೆರಡು ಸಾರಿ ಏರಿ ಇಳಿಯುತ್ತದೆ. ಏಳು ಮೀಟರಿನವರೆಗೂ ವ್ಯತ್ಯಾಸವುಂಟು. ನಮ್ಮ ಚಕ್ರಾ ನದಿಯೂ ಕಡಲ ಕಡೆ ಸಾಗಿದಂತೆ ಇದೇ ಚಾಳಿ ಹಿಡಿಯುತ್ತದೆ. ಪಾಠ ಹೇಳುವಾಗ ಈ ಸಂಗತಿಯನ್ನು ಎಷ್ಟೋ ಸಾರಿ ಹೇಳಿದ್ದೆ. ಆದರೆ ಪುಸ್ತಕದ ನದಿಗೆ ವಾಸನೆ ಇರುವುದಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮಗಳು ಬಂದು ಡಬ್ಬಿ ಇಸಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಅವಳೊಡನೆ ಒಳಗೆ ಹೋಗಿ ಕೂಸನ್ನು ನೋಡಿದ್ದುಂಟು. ಅದರ ವಿಚಾರ ಬರೆಯಲಾರೆ. ಅವಳು ಉಂಡು ಖಾಲಿ ಡಬ್ಬಿ ಕೊಡುವವರೆಗೆ ಒಂದು ಗಂಟೆ ನನ್ನದು. ಆ ಒಂದು ಗಂಟೆಯಲ್ಲಿ ನದಿಯ ದಂಡೆಯ ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ಆಸ್ಪತ್ರೆಯ ನದಿ ಬದಿಯ ಉದ್ದನೆಯ ಗೋಡೆಯ ಮೇಲೆ ಕೋವಿಡ್ ರೋಗದಿಂದ ಸತ್ತವರ ನೆನಪಿಗೆ 2021ರಲ್ಲಿ ಬಂಧುಗಳು ಸೇರಿ ಕೆಂಪು ಹೃದಯಗಳನ್ನು ಬರೆದಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು, ಲಕ್ಷಗಟ್ಟಲೆ ಇವೆ. ಮಳೆಗೆ ಮಾಸಿದವುಗಳಿಗೆ ಸ್ವಯಂಸೇವಕರು ಮತ್ತೆ ಬಣ್ಣ ಹಚ್ಚುತ್ತಾರೆ. ಗೋಡೆಯ ಈಚೆ ಇದು. ಆಚೆ ಗಾಜಿನ ಪೆಟ್ಟಿಗೆಗಳಲ್ಲಿ ಕೂಸುಗಳು. ನಾನು ಬೇಗ ಬೇಗ ಹೆಜ್ಜೆ ಹಾಕಿ ಮುಂದೆ ಹೋಗುತ್ತಿದ್ದೆ.

ಮುಂದೆ ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ತೋಟದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ. ಕಲಬುರಗಿಯ ಕಡೆಯಿಂದ ಹೋಗಿ ಲ್ಯಾಂಬೆತ್ತಿನ ಮೇಯರರೂ ಆಗಿದ್ದ ಡಾಕ್ಟರ್ ನೀರಜ್ ಪಾಟೀಲರ ಪ್ರಯತ್ನದಿಂದ ಅದು ಅಲ್ಲಿ ನಿಂತಿತು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಎದುರಿಗೆ ಬೆಂಚಿನ ಮೇಲೆ ಕುಳಿತು ನಾನು ಕನ್ನಡದಲ್ಲೇ ಒಂದೆರಡು ಮಾತು ಆಡುತ್ತಿದ್ದೆನೆಂದರೆ ಓದುಗರು ನಗಬಾರದು. ಇಡೀ ದಿನ ಇಂಗ್ಲಿಷು ಕೇಳಿ ಕೇಳಿ ಬೇಸತ್ತವನಿಗೆ ಎದುರಿಗಿದ್ದವರು ತಿರುಗಿ ಮಾತಾಡದಿದ್ದರೂ ಸಾಕು, ಕನ್ನಡ ಬಲ್ಲವರಾಗಿದ್ದರೆ.

ಹಿಂತಿರುಗುವಾಗ ಅವಸರವಿರಲಿಲ್ಲ. ಸೇತುವೆಯ ತುದಿಯಲ್ಲಿ 453ನೆಯ ನಂಬರಿನ ಕೆಂಪು ಬಸ್ಸು ಹತ್ತಿ, ಮಹಡಿಯ ಮುಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ವೈಟ್‌ಹಾಲ್, ಟ್ರಫಾಲ್ಗರ್ ಚೌಕ, ಪಿಕಡಿಲಿ, ಆಕ್ಸ್‌ಫರ್ಡ್ ಸರ್ಕಸ್ ಎಲ್ಲವನ್ನೂ ತೋರಿಸಿ ಮೇರಿಲಬೋನ್ ನಿಲ್ದಾಣದಲ್ಲಿ ಇಳಿಸುತ್ತದೆ. ಆಗ ಅದಕ್ಕೆ ಒಂದು ಪೌಂಡು ಎಪ್ಪತ್ತೈದು ಪೆನ್ಸು. ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೂ ಬೇರೆ ಹಣವಿಲ್ಲ. ದುಡ್ಡು ಮಾತ್ರ ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. 2014ರಿಂದ ಎಲ್ಲ ಕಾರ್ಡೇ. ಹಣ ಕೊಟ್ಟು ಊರು ನೋಡಿಸುವ ಪ್ರವಾಸಿ ಬಸ್ಸುಗಳು ಅದೇ ಬೀದಿಯಲ್ಲಿ ಅದರ ಹಲವು ಪಟ್ಟು ಹಣ ಕಸಿದು ಓಡುತ್ತಿರುವುದನ್ನು ಮೇಲಿನಿಂದ ನೋಡುವುದರಲ್ಲಿ ಒಂದು ಬಗೆಯ ಸುಖವಿತ್ತು. ಮೇರಿಲಬೋನಿನಿಂದ ಹ್ಯಾರೋಗೆ ದೊಡ್ಡ ರೈಲು. ಕಾಲು ಗಂಟೆಯೂ ಹಿಡಿಯದು.

ಅಳಿಯ ಒಂದು ರಾತ್ರಿ ಹೇಳಿದ ಕಥೆ ಕೇಳಿ ಒಂದು ಮಧ್ಯಾಹ್ನ ಎಂಬ್ಯಾಂಕ್‌ಮೆಂಟ್ ನಿಲ್ದಾಣಕ್ಕೂ ಹೋಗಿದ್ದೆ. ಗಾಡಿಗೂ ಕಟ್ಟೆಗೂ ನಡುವಿನ ಸಂದಿಯ ಬಗ್ಗೆ ಎಚ್ಚರಿಸುವ ‘ಮೈಂಡ್ ದ ಗ್ಯಾಪ್’ ಎಂಬ ಕೂಗು ಲಂಡನ್ನಿನ ಗುರುತೇ ಆಗಿಬಿಟ್ಟಿದೆ. ಆಸ್ವಾಲ್ಡ್ ಲಾರೆನ್ಸ್ ಎಂಬ ನಟನ ಧ್ವನಿಯಲ್ಲಿ ಅದನ್ನು ಹಿಂದೆ ಮುದ್ರಿಸಿದ್ದರು. ಅವನು 2007ರಲ್ಲಿ ತೀರಿಕೊಂಡ. ಅವನ ಹೆಂಡತಿ ಮಾರ್ಗರೆಟ್ ಮೆಕಾಲಮ್ ಎಂಬ ವೈದ್ಯೆ, ಗಂಡನ ದನಿ ಕೇಳಲೆಂದೇ ಈ ನಿಲ್ದಾಣಕ್ಕೆ ಬಂದು ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳಂತೆ. 2012ರ ಕೊನೆಗೆ ಹೊಸ ಯಂತ್ರ ಬಂದು ಆ ದನಿ ನಿಂತುಹೋಯಿತು. ಅವಳು ಕೇಳಿಕೊಂಡದ್ದಕ್ಕೆ ರೈಲಿನವರು 2013ರಲ್ಲಿ ಹಳೆಯ ಮುದ್ರಿಕೆಯನ್ನು ಹುಡುಕಿ, ನಾರ್ದರ್ನ್ ಮಾರ್ಗದ ಉತ್ತರಕ್ಕೆ ಹೋಗುವ ಕಟ್ಟೆಯಲ್ಲಿ ಮತ್ತೆ ಹಾಕಿದರು. ನಾನು ಮೂರು ಗಾಡಿಗಳನ್ನು ಬಿಟ್ಟು ಕೇಳಿದೆ. ಗಂಭೀರವಾದ, ಸ್ವಲ್ಪ ಹಳೆಯ ಕಾಲದ ದನಿ. ಮನೆಗೆ ಬಂದು ನನ್ನಾಕೆಗೆ ಈ ಕಥೆ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಿದ್ದವಳು ತಲೆ ಎತ್ತದೆ, “ನಿಮ್ಮದ್ ಗೊರಕಿ ಒಂದ್ ಮುದ್ರಿಸಿ ಇಟ್ಕಣ್ತೆ” ಎಂದಳು. ಅಷ್ಟು ದಿನಗಳಲ್ಲಿ ಅವಳು ಹಾಸ್ಯವಾಡಿದ್ದು ಅದೇ ಮೊದಲು. ಕೂಸಿನ ತೂಕ ಆ ದಿನ ಎರಡು ಕಿಲೋ ದಾಟಿತ್ತು.

ಇಪ್ಪತ್ತಾರನೆಯ ದಿನ ಡಬ್ಬಿಯೊಡನೆ ನನ್ನಾಕೆಯೂ ಬಂದಳು. ಆಸ್ಪತ್ರೆಯವರು ಕೂಸನ್ನು ಬಿಟ್ಟುಕೊಡುವುದಾಗಿ ಹೇಳಿದ್ದರು. ಫಿಂಚ್ಲಿ ರೋಡಿನಲ್ಲಿ ನಾನು ಅವಳ ರಟ್ಟೆ ಹಿಡಿದು ಆಚೆ ಬದಿಯ ಗಾಡಿಗೆ ದಾಟಿಸಿದೆ. ಎಷ್ಟನೆಯ ನಿಲ್ದಾಣವೆಂದು ಕೇಳಿದ್ದಕ್ಕೆ ಬೆರಳು ಮಡಿಚಿ ತೋರಿಸಿದೆ. ಮಧ್ಯಾಹ್ನ ಅಳಿಯ ಕಾರು ತಂದ. ಕೂಸಿನ ಬುಟ್ಟಿ ಸೀಟು, ಅದರ ಪಕ್ಕದಲ್ಲಿ ತಾಯಿ, ಮುಂದೆ ಅಜ್ಜಿ, ಉಳಿದೆಡೆ ಗಂಟುಮೂಟೆ. “ಮಾವ, ಹೇಗಾದರೂ ಜಾಗ ಮಾಡುವ” ಎಂದು ಅಳಿಯ ಚೀಲಗಳನ್ನು ಒತ್ತತೊಡಗಿದ. ನಾನು ಬೇಡವೆಂದೆ. ಖಾಲಿ ಡಬ್ಬಿಯನ್ನೂ ಮನೆಯ ಕೀಲಿಕೈಯನ್ನೂ ಇಸಕೊಂಡು ಸೇತುವೆ ದಾಟಿ, ನೆಲದಡಿ ಇಳಿದೆ.

ಐವತ್ತು ನಿಮಿಷಕ್ಕೆ ಮನೆ ಮುಟ್ಟಿದೆ. ಅವರಿನ್ನೂ ಯಾವ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದರೋ. ನನ್ನಾಕೆ ಬೆಳಿಗ್ಗೆಯೇ ಹೊಸ್ತಿಲ ಬಳಿ ತಟ್ಟೆ, ಅರಸಿನ, ಸುಣ್ಣ ಇಟ್ಟು ಹೋಗಿದ್ದಳು. ಆರತಿಗೆ ಕೆಂಪು ನೀರು ಕದಡಿಟ್ಟು, ಕುಚ್ಚಲಕ್ಕಿ ತೊಳೆದು ಒಲೆಯ ಮೇಲೆ ಇಟ್ಟೆ. ಅದು ಕುದಿ ಬರುವಷ್ಟರಲ್ಲಿ ಕೋಟಿನಿಂದ ಆ ಬಿಳಿಯ ಬಿಲ್ಲೆಯನ್ನು ಬಿಚ್ಚಿ ಮೇಜಿನ ಖಾನೆಯಲ್ಲಿ ಹಾಕಿದೆ.